ಅಣಕ

ಅಣಕ ಕನ್ನಡದ ಹಳೆಯ, ಮನೆಮಾತಿನ ಪದ. ಇನ್ನೊಬ್ಬರ ದನಿ, ನಡಿಗೆ, ಹಾವಭಾವಗಳನ್ನು ಹಾಗೆಯೇ ಮಾಡಿ ತೋರಿಸಿ ನಗಿಸುವುದು ಅದರ ಅರ್ಥ. ಮಕ್ಕಳು ಅಣಕಿಸುತ್ತಾರೆ, ಕವಿಗಳು ಅಣಕವಾಡು ಕಟ್ಟುತ್ತಾರೆ, ಚಳವಳಿಗಾರರು ಅಣಕು ಶವಯಾತ್ರೆ ಹೊರಡಿಸುತ್ತಾರೆ. ಸಂಸ್ಕೃತದ ‘ವಿಡಂಬನೆ’ಗೂ ಮೂಲದಲ್ಲಿ ಅನುಕರಣೆ ಎಂದೇ ಅರ್ಥವಿತ್ತು. ಮರಾಠಿಯಲ್ಲಿ ಅದು ಇಂದಿಗೂ ಅಣಕವನ್ನು ಸೂಚಿಸುತ್ತದೆ. ಕನ್ನಡದಲ್ಲಿ ಸಮಾಜವನ್ನು ಚುಚ್ಚುವ ಬರಹದ ಕಡೆಗೆ ವಾಲಿದೆ. ಆದ್ದರಿಂದ ಸಿನಿಮಾದವರ ‘ಪ್ಯಾರಡಿ’ಗೆ ಅಣಕವೇ ಒಪ್ಪುವ ಮಾತು.

ಕುಂದನ್ ಶಾ ನಿರ್ದೇಶಿಸಿದ ಹಿಂದಿ ಚಿತ್ರ ‘ಜಾನೇ ಭೀ ದೋ ಯಾರೋ’ (1983) ನೋಡಿ. ಕೊಲೆಯಾದ ಅಧಿಕಾರಿ ಡಿಮೆಲ್ಲೊನ ಹೆಣ ದ್ರೌಪದಿಯ ಸೀರೆಯುಟ್ಟು ಮಹಾಭಾರತ ನಾಟಕದ ರಂಗಕ್ಕೆ ಬರುತ್ತದೆ. ಆ ಹೆಣಕ್ಕಾಗಿ ಬಡಿದಾಡುವವರೂ ವೇಷ ತೊಟ್ಟು ನುಗ್ಗುತ್ತಾರೆ. ಏನು ನಡೆಯುತ್ತಿದೆ ಎಂದು ಧೃತರಾಷ್ಟ್ರ ಕೇಳುತ್ತಲೇ ಇರುತ್ತಾನೆ; ನಡುವೆ ಅಕ್ಬರ್, ಸಲೀಮರೂ ಹಾಜರ್! ಇಲ್ಲಿ ಅಣಕಕ್ಕೆ ಗುರಿ ಮಹಾಭಾರತವಲ್ಲ, ಅಬ್ಬರದ ರಂಗಶೈಲಿ. ಸತೀಶ್ ಶಾ ಹೆಣವಾಗಿಯೇ ನಗಿಸಿದ್ದು ನಟನೆಯ ದೊಡ್ಡ ಸಾಧನೆ.

ತಮಿಳಿನ ‘ತಮಿಳ್ ಪಡಂ’ (2010) ಇಡಿಯಾಗಿ ಅಣಕ: ನಾಯಕ ಒಂದೇ ಹಾಡಿನಲ್ಲಿ ಕೋಟ್ಯಧೀಶನಾಗುತ್ತಾನೆ. ರಜನಿಕಾಂತ್ ಚಿತ್ರಗಳನ್ನು ಬಲ್ಲವರಿಗೆ ಇದರ ರುಚಿ ಇಮ್ಮಡಿ. ಮೊದಲು ಅವನ್ನು ನೋಡಿ, ಆಮೇಲೆ ಇದನ್ನು.