ಹರಿಜನ ನಿಧಿ ಮತ್ತು ಕರ್ನಾಟಕದ ಮಹಿಳೆಯರು

ಅಸ್ಪೃಶ್ಯತಾ ನಿವಾರಣೆಗಾಗಿ ಗಾಂಧೀಜಿ 1933–34ರಲ್ಲಿ ದೇಶಾದ್ಯಂತ ಸಂಚರಿಸಿ ಕೂಡಿಸಿದ ಹಣವೇ ಹರಿಜನ ನಿಧಿ. ಕರ್ನಾಟಕದ ಮಹಿಳೆಯರು ಅಸ್ಪೃಶ್ಯತಾ ನಿವಾರಣೆಯ ಚಳವಳಿಗೆ ಎರಡು ಬಗೆಯಲ್ಲಿ ಒದಗಿದರು: ಉಳ್ಳವರು ಒಡವೆ ಕೊಟ್ಟರು, ಇಲ್ಲದವರು ನೂತರು. ಮೊದಲನೆಯವರಲ್ಲಿ ಹಲವರ ಹೆಸರು ದಾಖಲೆಯಲ್ಲಿ ಉಳಿದಿದೆ.

ಹಿನ್ನೆಲೆ

ಅಸ್ಪೃಶ್ಯರ ಚುನಾವಣಾ ಪ್ರಾತಿನಿಧ್ಯದ ಬಗೆಗಿನ 1932ರ ಸೆಪ್ಟೆಂಬರಿನ ಪುಣೆ ಒಪ್ಪಂದದ ಬೆನ್ನಿಗೇ, ಅಸ್ಪೃಶ್ಯತಾ ನಿವಾರಣೆಗಾಗಿ ಹರಿಜನ ಸೇವಕ ಸಂಘ ಹುಟ್ಟಿತು. ಮರುವರ್ಷ ನವೆಂಬರಿನಲ್ಲಿ ವಾರ್ಧಾದಿಂದ ಹೊರಟ ಗಾಂಧೀಜಿಯವರ ಪ್ರವಾಸ ಸುಮಾರು 12,500 ಮೈಲಿ ಸಾಗಿತು. ಕೂಡಿದ ಹಣ ಸುಮಾರು 8 ಲಕ್ಷ ರೂಪಾಯಿ. 1934ರ ಜನವರಿಯಲ್ಲಿ ಮೈಸೂರು ಸಂಸ್ಥಾನದಲ್ಲಿಯೂ ಫೆಬ್ರವರಿಯಲ್ಲಿ ಕೊಡಗಿನಲ್ಲಿಯೂ ಸಭೆಗಳು ನಡೆದವು.

ಒಡವೆ ದಾನ

ಸಭೆಯಲ್ಲಿಯೇ ಒಡವೆ ಬಿಚ್ಚಿಸುವುದು, ಬಂದ ಕಾಣಿಕೆಯನ್ನು ಅಲ್ಲೇ ಹರಾಜು ಹಾಕುವುದು ಗಾಂಧೀಜಿಯವರ ರೂಢಿ. ಕೊಟ್ಟದ್ದರ ಬದಲಿಗೆ ಹೊಸದನ್ನು ಮಾಡಿಸಿಕೊಳ್ಳಬಾರದೆಂದು ಅವರು ಬಯಸುತ್ತಿದ್ದರು. ಕರ್ನಾಟಕದಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಕಥೆಗಾರ್ತಿ ಕೊಡಗಿನ ಗೌರಮ್ಮನವರ (1912–1939) ಪ್ರಸಂಗ. ಸುಂಟಿಕೊಪ್ಪದ ಬಳಿಯ ಗುಂಡುಕುಟ್ಟಿಗೆ ಬಂದ ಗಾಂಧೀಜಿ ತಮ್ಮ ಮನೆಗೂ ಬರಲೇಬೇಕೆಂದು ಅವರು ಉಪವಾಸ ಹಿಡಿದರು. ಬಂದಾಗ ಮಾಂಗಲ್ಯ ಮೊದಲಾದ ಕೆಲವನ್ನುಳಿದು ಮೈಮೇಲಿನ ಒಡವೆಗಳನ್ನು ನಿಧಿಗೆ ಒಪ್ಪಿಸಿದರು.

ಸ್ತ್ರೀಧನದ ಕಾನೂನು

ಹೀಗೆ ಕೊಡುವ ಅಧಿಕಾರ ಹೆಣ್ಣಿಗೆ ಎಲ್ಲಿಯವರೆಗೆ ಇತ್ತು? ಹಿಂದೂ ಕಾನೂನಿನ ಮಿತಾಕ್ಷರ ಸಂಪ್ರದಾಯದಲ್ಲಿ ಹೆಣ್ಣಿನ ಸ್ವಂತ ಆಸ್ತಿಯೇ ಸ್ತ್ರೀಧನ; ಅದರಲ್ಲಿ ತವರಿನವರೂ ಗಂಡನೂ ಪ್ರೀತಿಯಿಂದ ಕೊಟ್ಟದ್ದು ‘ಸೌದಾಯಿಕ’. ಅದನ್ನು ಆಕೆ ಇಷ್ಟಬಂದಂತೆ ವಿನಿಯೋಗಿಸಬಹುದಿತ್ತು. ಕಷ್ಟಕಾಲದಲ್ಲಿ ಮಾತ್ರ ಗಂಡ ಬಳಸಿಕೊಳ್ಳಬಹುದಿತ್ತು. ಆದರೆ ಮದುವೆಯಾದ ಹೆಣ್ಣು ಕೈಕಸುಬಿನಿಂದ ಗಳಿಸಿದ್ದು ಈ ವರ್ಗಕ್ಕೆ ಸೇರುತ್ತಿರಲಿಲ್ಲ. ಗಂಡ ಬದುಕಿರುವಷ್ಟು ಕಾಲ ಅದು ಅವನ ಹಿಡಿತದಲ್ಲಿರುತ್ತಿತ್ತು. ಮೈಸೂರು ಸಂಸ್ಥಾನದ ಹಿಂದೂ ಕಾನೂನು ಮಹಿಳಾ ಹಕ್ಕುಗಳ ಕಾಯಿದೆ (1933ರ 10ನೆಯ ಕಾಯಿದೆ) ಈ ಭೇದವನ್ನು ಅಳಿಸಿತು. ಒಡವೆ, ಉಡುಗೊರೆಗಳ ಜೊತೆಗೆ ಸ್ವಂತ ಕಸುಬಿನ, ಉದ್ಯೋಗದ ಗಳಿಕೆಯೂ ಸ್ತ್ರೀಧನವೆನಿಸಿ, ಅದರ ಮೇಲೆ ಹೆಣ್ಣಿಗೆ ಪೂರ್ಣ ಒಡೆತನ ಬಂತು. ಪ್ರತ್ಯೇಕ ಬ್ರಿಟಿಷ್ ಆಡಳಿತವಿದ್ದ ಕೊಡಗಿಗೆ ಈ ಕಾಯಿದೆ ಅನ್ವಯಿಸುತ್ತಿರಲಿಲ್ಲ. ಆದರೂ ಒಡವೆ ದಾನಕ್ಕೆ ಹಳೆಯ ಶಾಸ್ತ್ರದ ಆಸರೆಯೇ ಬಹುಮಟ್ಟಿಗೆ ಸಾಕಾಗಿತ್ತು. ಹೊಸ ಕಾಯಿದೆ, ಕಾಗದದ ಮೇಲಾದರೂ, ಬದಲಿಸಿದ್ದು ಕೂಲಿಯ ಹಕ್ಕನ್ನು.

ಬದನವಾಳು, ತಗಡೂರು

ನೂಲುವ ಹೆಂಗಸರ ಈ ಕೂಲಿಯ ಕಥೆ ಮೈಸೂರು ಸಂಸ್ಥಾನದ ನಂಜನಗೂಡು ತಾಲ್ಲೂಕಿನದು. ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರು ಇಲ್ಲಿ ಖಾದಿಯನ್ನೂ ಅಸ್ಪೃಶ್ಯತಾ ನಿವಾರಣೆಯನ್ನೂ ಒಂದೇ ಕೆಲಸವಾಗಿ ನಡೆಸಿದರು. ಬದನವಾಳಿನ ಖಾದಿ ಕೇಂದ್ರದಲ್ಲಿ ನೂತವರು ಹೆಚ್ಚಾಗಿ ಮಹಿಳೆಯರು, ಅವರಲ್ಲಿ ದಲಿತರೂ ಇದ್ದರು. ಗಾಂಧೀಜಿ 1932ರಲ್ಲಿ ಇಲ್ಲಿಗೆ ಬಂದಿದ್ದರೆಂದು ಬರೆಯುವುದುಂಟು. ಆದರೆ ಆ ವರ್ಷ ಜನವರಿ 4ರಂದು ಬಂಧಿತರಾದ ಅವರು 1933ರ ಮೇ ತಿಂಗಳವರೆಗೆ ಸೆರೆಯಲ್ಲಿದ್ದುದರಿಂದ, ಅದು 1934ರ ಪ್ರವಾಸದ ನೆನಪಾಗಿರುವ ಸಾಧ್ಯತೆ ಹೆಚ್ಚು.

ಹೋಲಿಕೆ

1955–56ರಲ್ಲಿ ಅಮೆರಿಕದ ಮಾಂಟ್ಗೊಮರಿಯಲ್ಲಿ ಜಾರ್ಜಿಯಾ ಗಿಲ್ಮೋರ್ ಮತ್ತು ಸಂಗಡಿಗರು ಅಡುಗೆ ಮಾಡಿ ಮಾರಿ, ವರ್ಣಭೇದದ ವಿರುದ್ಧದ ಬಸ್ ಬಹಿಷ್ಕಾರಕ್ಕೆ ಹಣ ಕೂಡಿಸಿದರು. ಕೆಲಸ ಕಳೆದುಕೊಳ್ಳುವ ಭಯವಿದ್ದುದರಿಂದ ಅಲ್ಲಿ ಹೆಸರು ಮುಚ್ಚಿಡಬೇಕಾಯಿತು. ಇಲ್ಲಿ ಒಡವೆ ಕೊಟ್ಟವಳ ಹೆಸರನ್ನು ಸಭೆಯಲ್ಲಿ ಸಾರಿದ್ದರಿಂದಲೇ ಇನ್ನೊಬ್ಬಳೂ ಮುಂದೆ ಬಂದಳು. ನೂಲುವವರ ಹೆಸರನ್ನು ಯಾರೂ ಮುಚ್ಚಿಡಲಿಲ್ಲ, ಬರೆದಿಟ್ಟದ್ದೂ ಕಡಿಮೆ.

ಟೀಕೆ ಮತ್ತು ಪರಿಣಾಮ

ಹರಿಜನ ಸೇವಕ ಸಂಘದ ಆಡಳಿತದಲ್ಲಿ ಅಸ್ಪೃಶ್ಯರಿಗೇ ಸ್ಥಾನವಿಲ್ಲದ್ದನ್ನು ಅಂಬೇಡ್ಕರ್ 1945ರ ತಮ್ಮ ಗ್ರಂಥದಲ್ಲಿ ಕಟುವಾಗಿ ಟೀಕಿಸಿದರು. ಖಾದಿ ಕೇಂದ್ರವಿದ್ದ ಬದನವಾಳಿನಲ್ಲಿಯೇ 1993ರಲ್ಲಿ ದೇವಾಲಯ ಪ್ರವೇಶದ ವಿವಾದದ ಹಿನ್ನೆಲೆಯಲ್ಲಿ ಮೂವರು ದಲಿತರ ಕೊಲೆಯಾಯಿತು. ಅದಕ್ಕೂ ಮೊದಲೇ, 1970ರ ದಶಕದಲ್ಲಿ ರೂಪುಗೊಂಡ ದಲಿತ ಸಂಘರ್ಷ ಸಮಿತಿ ದಾನದ ಭಾಷೆಯನ್ನು ಬಿಟ್ಟು ಹಕ್ಕಿನ ಭಾಷೆಯಲ್ಲಿ ಮಾತಾಡಿತು. ಅದರ ಪ್ರಮುಖರಲ್ಲೊಬ್ಬರಾದ ಲೇಖಕ ದೇವನೂರ ಮಹಾದೇವ ಇದೇ ನಂಜನಗೂಡು ತಾಲ್ಲೂಕಿನವರು. ಹರಿಜನ ನಿಧಿ ಮೇಲ್ಜಾತಿಯ ಮನೆಯ ಹೆಂಗಸರನ್ನು ಸಾರ್ವಜನಿಕ ಸಭೆಗೆ ತಂದಿತು ಎಂಬಷ್ಟನ್ನು ಒಪ್ಪಬಹುದು. ಊರಿನ ಜಾತಿಯ ಕಟ್ಟನ್ನು ಅದು ಸಡಿಲಿಸಿತೆನ್ನಲು ಆಧಾರ ಸಾಲದು.