ಶಿಕ್ಷಕರು ತೀರಿಕೊಂಡ ಮೇಲೆ ಮನೆಯವರ ಚಿಕಿತ್ಸೆ: ಒಂದು ಚಾರಿತ್ರಿಕ ನೋಟ

ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಮನೆಯವರಿಗೆ ಏನು ಸಿಗುತ್ತದೆ? ಕುಟುಂಬ ಪಿಂಚಣಿ, ವಿಮೆಯ ಹಣ, ಅನುಕಂಪದ ನೌಕರಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅವರ ಪತ್ನಿಗೆ ದೊಡ್ಡ ಕಾಯಿಲೆ ಬಂದರೆ ಗತಿಯೇನು?

ಹಣದ ಭದ್ರತೆ ನಮ್ಮಲ್ಲಿ ಬೇಗ ಬಂತು. ಮೈಸೂರು ಸಂಸ್ಥಾನ 1891ರಲ್ಲೇ ನೌಕರರಿಗೆ ಜೀವ ವಿಮೆ ಆರಂಭಿಸಿತು. ಇಂದಿನ ಕೆ.ಜಿ.ಐ.ಡಿ. ಅದರ ಮುಂದುವರಿಕೆ. ಕುಟುಂಬ ಪಿಂಚಣಿಗೆ 1964ರಲ್ಲಿ ನಿಯಮಗಳಾದವು. ಚಿಕಿತ್ಸೆಯ ವೆಚ್ಚಕ್ಕೂ 1963ರ ವೈದ್ಯಕೀಯ ಹಾಜರಾತಿ ನಿಯಮಗಳಿದ್ದವು. ಆದರೆ ಅಲ್ಲಿ ಹಕ್ಕು ಸೇವೆಯಲ್ಲಿರುವ ನೌಕರನದು. ಮನೆಯವರು ಅವನ ಮೂಲಕ ಬಂದವರು.

ಕೆಲಸದ ಜೊತೆ ಚಿಕಿತ್ಸೆಯೂ ಹೋಗುವುದೆಂದರೇನು ಎಂಬುದನ್ನು ಕೆ.ಜಿ.ಎಫ್. ಚೆನ್ನಾಗಿ ಬಲ್ಲದು. ಗಣಿ ಕಾರ್ಮಿಕರ ಕುಟುಂಬಗಳು ಕಂಪನಿಯ ಆಸ್ಪತ್ರೆಯನ್ನೇ ನಂಬಿದ್ದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಧೂಳಿನಿಂದ ಬಂದ ಶ್ವಾಸಕೋಶದ ರೋಗ ಕಾರ್ಮಿಕರಲ್ಲಿ ಉಳಿಯಿತು, ಆಸ್ಪತ್ರೆಯ ಆಸರೆ ತಪ್ಪಿತು.

ಬೇರೆ ದಾರಿಯೂ ಇದೆ ಎಂಬುದಕ್ಕೆ ಸಾಕ್ಷಿ ದೂರವಿಲ್ಲ. ಬಂಗಾರಪೇಟೆ ರೈಲ್ವೆ ಜಂಕ್ಷನ್. ರೈಲ್ವೆಯ 1997ರ ನಿವೃತ್ತ ನೌಕರರ ಆರೋಗ್ಯ ಯೋಜನೆಯಲ್ಲಿ, ಸೇವೆಯಲ್ಲಿದ್ದಾಗ ಮೃತಪಟ್ಟ ನೌಕರನ ಪತ್ನಿಗೂ ಒಮ್ಮೆ ವಂತಿಗೆ ಕಟ್ಟಿ ಸೇರಲು ಅವಕಾಶವಿದೆ. 1954ರಲ್ಲಿ ಆರಂಭವಾದ ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆಯೂ ಕುಟುಂಬ ಪಿಂಚಣಿದಾರರನ್ನು ಒಳಗೊಂಡಿದೆ. ಅಂದರೆ ಅಕ್ಕಪಕ್ಕದ ಎರಡು ಮನೆಗಳಲ್ಲಿ ರೈಲ್ವೆ ನೌಕರನ ವಿಧವೆಗೆ ಇರುವ ಆಸರೆ ಶಿಕ್ಷಕನ ವಿಧವೆಗೆ ಇರಲಿಲ್ಲ.

ರಾಜ್ಯದ ಜ್ಯೋತಿ ಸಂಜೀವಿನಿಗೆ 2014ರಲ್ಲಿ ಆದೇಶವಾಯಿತು. ಹೃದಯ, ಕ್ಯಾನ್ಸರ್ ಮುಂತಾದ ದೊಡ್ಡ ಕಾಯಿಲೆಗಳಿಗೆ ನಗದುರಹಿತ ಚಿಕಿತ್ಸೆ ದೊರೆಯಿತು. ಆದರೆ ಪಿಂಚಣಿದಾರರು ಹೊರಗುಳಿದರು. 2018ರ ಆರೋಗ್ಯ ಕರ್ನಾಟಕ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ಎ.ಪಿ.ಎಲ್. ಕುಟುಂಬಕ್ಕೆ ಸರ್ಕಾರ ಭರಿಸುವುದು ನಿಗದಿತ ದರದ ಶೇ. 30 ಮಾತ್ರ. ಪಿಂಚಣಿ ಬರುವ ಮನೆಗೆ ಬಿ.ಪಿ.ಎಲ್. ಕಾರ್ಡು ಸಿಗುವುದು ಕಷ್ಟ. ಹೀಗಾಗಿ ಶಿಕ್ಷಕರ ಕುಟುಂಬ ಅತ್ತ ಬಡವರ ಪಟ್ಟಿಯಲ್ಲೂ ಇಲ್ಲ, ಇತ್ತ ನೌಕರರ ಪಟ್ಟಿಯಲ್ಲೂ ಇಲ್ಲ.

2025ರ ಅಕ್ಟೋಬರ್ 1ರಿಂದ ಸಂಬಳದಲ್ಲಿ ವಂತಿಗೆ ಹಿಡಿಯುವ ಕರ್ನಾಟಕ ಆರೋಗ್ಯ ಸಂಜೀವಿನಿ ಬಂದಿದೆ. ಸಂಬಳ ನಿಂತ ಮನೆಯೂ ಪಿಂಚಣಿಯಿಂದ ವಂತಿಗೆ ಕಟ್ಟಿ ಮುಂದುವರಿಯುವಂತಾಗಬೇಕೆಂದು ಶಿಕ್ಷಕರ ಸಂಘಗಳು ಕೇಳುವುದು ನ್ಯಾಯವೇ ಆಗಿದೆ.

ಸದಸ್ಯ ಬಂಧುಗಳೇ, ಸೇವಾ ಪುಸ್ತಕದಲ್ಲಿ ಮನೆಯವರ ಹೆಸರು, ನಾಮನಿರ್ದೇಶನ ಸರಿಯಾಗಿವೆಯೇ ಎಂದು ಇಂದೇ ನೋಡಿಕೊಳ್ಳಿ. ಅನುಕಂಪದ ನೌಕರಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕೆಂಬುದನ್ನು ಮನೆಯವರಿಗೂ ತಿಳಿಸಿ. ವಿದ್ಯಾರ್ಥಿಗಳೇ, ಇಂಥ ಕಾಗದಗಳನ್ನು ಓದಿ ಹೆತ್ತವರಿಗೆ ಅರ್ಥ ಹೇಳುವುದೂ ವಿದ್ಯೆಯ ಒಂದು ಉಪಯೋಗವೇ.