ಕ್ಯಾಸೆಟ್ಟಿನೊಳಗಿನ ಗಣಕಯಂತ್ರ

ಮನೆಯ ಗಣಕಯಂತ್ರಕ್ಕೆ ಒಂದು ಕಾಲಕ್ಕೆ ಟೇಪ್ ರೆಕಾರ್ಡರ್ ಇಲ್ಲದೆ ಹೆಜ್ಜೆ ಮುಂದೆ ಹೋಗುತ್ತಿರಲಿಲ್ಲ ಎಂದರೆ ಇಂದಿನ ಮಕ್ಕಳು ನಕ್ಕಾರು. ರೇಡಿಯೋ ಕೇಳಿ ಕಿವಿ ಪಳಗಿದ ನೀವು ನಗಲಾರಿರಿ. ಏಕೆಂದರೆ ಇದು ಮೂಲತಃ ಸದ್ದಿನ ಕಥೆ.

1982ರ ಏಪ್ರಿಲ್ ತಿಂಗಳಲ್ಲಿ ಇಂಗ್ಲೆಂಡಿನ ಸಿಂಕ್ಲೇರ್ ಸಂಸ್ಥೆಯು ಸ್ಪೆಕ್ಟ್ರಮ್ ಎಂಬ ಪುಟ್ಟ ಯಂತ್ರವನ್ನು ಹೊರತಂದಿತು. ಒಂದು ಪುಸ್ತಕದಷ್ಟು ಗಾತ್ರ, ರಬ್ಬರಿನ ಕೀಲಿಗಳು; ದೊಡ್ಡ ಮಾದರಿಗೆ 48 ಕಿಲೋಬೈಟ್ ನೆನಪು. ನಿಮ್ಮ ಕೈಫೋನಿನಲ್ಲಿ ತೆಗೆದ ಒಂದೇ ಒಂದು ಭಾವಚಿತ್ರವೂ ಅದರಲ್ಲಿ ಹಿಡಿಸದು! ಪರದೆಗೆ ಮನೆಯ ಟೆಲಿವಿಷನ್ನೇ ಸಾಕು. ಎಂಬತ್ತರ ದಶಕದ ಉತ್ತರಾರ್ಧದಲ್ಲಿ ಡೆಸಿಬೆಲ್ಸ್ ಎಂಬ ಸಂಸ್ಥೆಯ ಮೂಲಕ ಇದರ ಸ್ಪೆಕ್ಟ್ರಮ್ ಪ್ಲಸ್ ಮಾದರಿ ನಮ್ಮ ದೇಶದಲ್ಲಿಯೂ ಮಾರಾಟಕ್ಕೆ ಬಂದಿತು. ಅದಕ್ಕೂ ಮೊದಲೇ, 1984–85ರಲ್ಲಿ, ಕೇಂದ್ರ ಸರಕಾರವು ಸುಮಾರು 250 ಶಾಲೆಗಳಲ್ಲಿ ಗಣಕ ಶಿಕ್ಷಣವನ್ನು ಆರಂಭಿಸಿತ್ತು. ಅಲ್ಲಿಗೆ ಬಂದ ಯಂತ್ರಕ್ಕೆ ಹೆಸರು ಕೊಟ್ಟದ್ದು ಒಂದು ಬಾನುಲಿ ಸಂಸ್ಥೆ, ಬಿಬಿಸಿ.

ಈ ಯಂತ್ರಗಳ ನೆನಪು ವಿದ್ಯುತ್ತು ಹೋದೊಡನೆ ಅಳಿಸಿಹೋಗುತ್ತಿತ್ತು. ಸಂಜೆಯೆಲ್ಲ ಕುಳಿತು ಬರೆದ ಕ್ರಮವಿಧಿಯನ್ನು ಉಳಿಸುವುದು ಹೇಗೆ? ಅದಕ್ಕೆಂದೇ ಕ್ಯಾಸೆಟ್ಟು. ಗಣಕದ ಭಾಷೆಯಲ್ಲಿ ಇರುವುದು ಸೊನ್ನೆ ಮತ್ತು ಒಂದು, ಎರಡೇ ಅಕ್ಷರ. ಸ್ಪೆಕ್ಟ್ರಮ್ ಸೊನ್ನೆಯನ್ನು ಸೆಕೆಂಡಿಗೆ ಸುಮಾರು 2000 ಕಂಪನಗಳ ಸ್ವರವಾಗಿಯೂ, ಒಂದನ್ನು ಅದರರ್ಧ ವೇಗದ ಸ್ವರವಾಗಿಯೂ ಹಾಡುತ್ತಿತ್ತು. ಮೊದಲು ತಂಬೂರಿಯ ಶ್ರುತಿಯಂತೆ ಎಡೆಬಿಡದ ಒಂದು ನಾದ. ಆಮೇಲೆ ಜೀರುಂಡೆಗಳ ಜಾತ್ರೆ. ಸುಲೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹಾಡನ್ನು ಹಿಡಿದಿಡುವ ಫೀತೆಯ ಮೇಲೆಯೇ ಈ ಕಿರಿಚಾಟವೂ ನಿಲ್ಲುತ್ತಿತ್ತೆಂಬುದು ವಿಚಿತ್ರವೇ ಸರಿ. ತುಂಬಿದ ಯಂತ್ರವೊಂದನ್ನು ಮರಳಿ ಓದಿಸಲು ಐದು ನಿಮಿಷದಷ್ಟು ಬೇಕು. ನಡುವೆ ಒಂದು ಕ್ಷಣ ಸದ್ದು ಮಸುಕಾಯಿತೋ, ತಪ್ಪಾಗಿದೆಯೆಂದು ಪರದೆಯ ಮೇಲೆ ಸಾರಿ ಯಂತ್ರ ನಿಂತುಬಿಡುತ್ತಿತ್ತು.

ಸದ್ದೆಂದ ಮೇಲೆ ಅದನ್ನು ಬಾನುಲಿಯಲ್ಲಿ ಬಿತ್ತರಿಸಬಾರದೇಕೆ? ಹಾಲೆಂಡಿನ ರೇಡಿಯೋದವರು ಎಂಬತ್ತರ ದಶಕದ ಮೊದಲಲ್ಲಿ ಮಾಡಿದ್ದು ಅದನ್ನೇ. ‘ಹಾಬಿಸ್ಕೋಪ್’ ಎಂಬ ಕಾರ್ಯಕ್ರಮದಲ್ಲಿ ಕ್ರಮವಿಧಿಗಳನ್ನು ಕಿರಿಚಿಸುವರು. ಕೇಳುಗರು ಮನೆಯಲ್ಲಿ ಮುದ್ರಿಸಿಕೊಂಡು ತಮ್ಮ ಗಣಕಕ್ಕೆ ಉಣಿಸುವರು. ಬೇರೆ ಬೇರೆ ಕಂಪೆನಿಯ ಯಂತ್ರಗಳಿಗೆ ಒಂದೇ ಪ್ರಸಾರ ಸಾಕಾಗಲೆಂದು ‘ಬೇಸಿಕೋಡ್’ ಎಂಬ ಸಮಾನ ಬರವಣಿಗೆಯನ್ನೂ ಗೊತ್ತುಮಾಡಿದರು. 1950ರಿಂದ ಧಾರವಾಡದ ಆಕಾಶವಾಣಿಯನ್ನು ಕೇಳಿ ಬೆಳೆದ ನಮ್ಮ ಭಾಗದವರಿಗೆ ಇದರ ಸೊಗಸನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಕನ್ನಡ. ಸ್ಪೆಕ್ಟ್ರಮ್‌ನಲ್ಲಿ ಬಳಸುವವನು ತಾನೇ ಕೆತ್ತಿಕೊಳ್ಳಲು ಬಿಟ್ಟಿದ್ದ ಅಕ್ಷರಗಳು 21. ಒಂದೊಂದಕ್ಕೂ ಎಂಟೆಂಟರ ಚೌಕ, ಅಂದರೆ 64 ಚುಕ್ಕೆ. ‘ಸ್ತ್ರೀ’ ಎಂಬುದನ್ನು, ಅದರ ಎರಡು ಒತ್ತು, ದೀರ್ಘ ಸಮೇತ 64 ಚುಕ್ಕೆಯಲ್ಲಿ ಬರೆದು ನೋಡಿರಿ! ಚೌಕಗಳನ್ನು ಜೋಡಿಸಬೇಕು, ಯುಕ್ತಿ ಹೂಡಬೇಕು. ಕನ್ನಡವನ್ನು ಗಣಕದಲ್ಲಿ ನೆಲೆಗೊಳಿಸಿದವರಲ್ಲಿ ಮೊದಲಿಗರಾದ ಕೆ. ಪಿ. ರಾವ್ ಅವರು ಹಿಡಿದ ದಾರಿಯೇ ಬೇರೆ. ಗುಣಿತಾಕ್ಷರವೊಂದೊಂದಕ್ಕೆ ಕೀಲಿ ಹುಡುಕದೆ, ವ್ಯಂಜನವನ್ನೂ ಸ್ವರವನ್ನೂ ಬಿಡಿಸಿಟ್ಟು, ಅವು ಕೂಡುವ ಕೆಲಸವನ್ನು ಯಂತ್ರಕ್ಕೇ ವಹಿಸಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು. ಅವರ ಕೀಲಿಮಣೆಯೇ ಮುಂದೆ ಸರಕಾರದ ಮಾನ್ಯತೆ ಪಡೆಯಿತು. ಆದರೆ ಅವರಂತೆ ಹೆಸರಾಗದೆ, ಊರೂರಲ್ಲಿ ಚೌಕದ ಹಾಳೆಯ ಮೇಲೆ ‘ಅ’ ‘ಆ’ ಚುಕ್ಕೆಯಿಟ್ಟು ನೋಡಿದ ಹವ್ಯಾಸಿಗಳು ಇದ್ದಿದ್ದರೆ, ಅವರ ಬರಹ ಉಳಿದಿರಬಹುದಾದ ಸ್ಥಳ ಒಂದೇ: ಅಟ್ಟದ ಮೇಲಿನ ಕ್ಯಾಸೆಟ್ಟು.

ಆ ಅಟ್ಟ ಬೆಳಗಾವಿಯಲ್ಲಿದ್ದರೆ ಒಂದಿಷ್ಟು ಆಸೆ ಉಂಟು. ಇಪ್ಪತ್ತಾರು ಕಿಲೋಮೀಟರಿನಾಚೆ ಖಾನಾಪುರದಲ್ಲಿ, ಇನ್ನೂ ಮುಂದೆ ಕಣಕುಂಬಿಯ ಕಡೆ, ಮಳೆಗಾಲದ ತೇವ ಹಪ್ಪಳ-ಸಂಡಿಗೆಯನ್ನೇ ಬಿಡದು, ಫೀತೆಯನ್ನು ಬಿಟ್ಟೀತೆ? ಕಂದು ಲೇಪವನ್ನು ಹಿಡಿದಿಟ್ಟ ಅಂಟು ತೇವದಲ್ಲಿ ಸಡಿಲಾಗುತ್ತದೆ, ಬಿಳಿ ಬೂಜು ಹಬ್ಬುತ್ತದೆ. ಹಾಡಾದರೆ ಒಂದೆರಡು ಕಡೆ ಗೊರಗೊರವೆಂದರೂ ಕೇಳಬಹುದು. ಗಣಕಕ್ಕೆ ಆ ಔದಾರ್ಯವಿಲ್ಲ.

ಆದ್ದರಿಂದ ಹಳೆಯ ಪೆಟ್ಟಿಗೆಯಲ್ಲಿ ಹೆಸರಿಲ್ಲದ ಕ್ಯಾಸೆಟ್ಟು ಸಿಕ್ಕರೆ, ಹಾಕಿ ಕೇಳಿ, ಕಿರಿಚಿತೆಂದು ಎಸೆಯಬೇಡಿರಿ. ಬೂಜು ಕಂಡರೆ ಮಾತ್ರ ಯಂತ್ರಕ್ಕೆ ಹಾಕಬಾರದು. ಬಲ್ಲವರಿಂದ ಮೊದಲು ಶುಚಿಮಾಡಿಸಬೇಕು. ಒಣಗಿರುವ ಫೀತೆಯಾದರೆ, ಟೇಪಿನ ತಲೆಯನ್ನು ಒರೆಸಿ, ಇಂದಿನ ಗಣಕಕ್ಕೆ ತಂತಿ ಜೋಡಿಸಿ, ಸದ್ದನ್ನು ಇದ್ದಕ್ಕಿದ್ದಂತೆ ಮುದ್ರಿಸಿರಿ. ಒತ್ತಿ ಚಿಕ್ಕದು ಮಾಡುವ ಕಡತ ಬೇಡ. ಹಳೆಯ ಸ್ಪೆಕ್ಟ್ರಮನ್ನು ಅನುಕರಿಸುವ ತಂತ್ರಾಂಶಗಳು ಈಗ ಬಿಟ್ಟಿಯಾಗಿ ದೊರೆಯುತ್ತವೆ; ಅವು ಆ ಸದ್ದನ್ನು ಓದಬಲ್ಲವು. ಮೊದಲ ಸಲ ಓದದಿದ್ದರೆ ಟೇಪಿನ ತಲೆಯ ಪಕ್ಕದ ತಿರುಪನ್ನು, ಸ್ವರ ಹರಿತವಾಗುವವರೆಗೆ, ಕೂದಲೆಳೆಯಷ್ಟು ತಿರುವಿರಿ. ಕ್ಯಾಸೆಟ್ಟಿನ ಎರಡನೆಯ ಮಗ್ಗುಲನ್ನೂ ಕೇಳುವುದು ಮರೆಯದಿರಲಿ.